ಗುಂಡಿಯಿಲ್ಲದ ಕಾಜಾ

ಸೊಹಾರಿನ ಹಳೇ ಸೂಕಿನ ಹಿಂದೆ ನನ್ನ ಅಂಗಡಿ.
ದಿಶ್‌ದಾಶಾ ಹೊಲಿಯುತ್ತೇನೆ, ಹದಿನಾರು ವರ್ಷವಾಯಿತು.
ಆರಡಿ ಗಂಡಸರ ಹೆಗಲಿಂದ ಹಿಮ್ಮಡಿಯವರೆಗೆ
ಟೇಪು ಇಳಿಬಿಟ್ಟು ಅಳೆದ ಕೈ ಇದು.
ತೋಳು ಅರ್ಧ ಬೆರಳು ಉದ್ದವಾದರೆ
ಬೈಸಿಕೊಂಡ ಕೈ.

ಆ ಕೈಗೆ ಒಂದು ದಿನ
ನನ್ನದೇ ಮಗಳು ಅಳತೆಗೆ ಬಂದಳು.

ಇಪ್ಪತ್ತೊಂಬತ್ತು ವಾರಕ್ಕೇ ಹೊರಟು ಬಂದವಳು,
ಸಾವಿರದ ನೂರು ಗ್ರಾಂ.
ಸೇರಕ್ಕಿಗೆ ಒಂದು ಹಿಡಿ ಜಾಸ್ತಿ, ಅಷ್ಟೇ
ಎಂದಳು ವಾರಿಜ, ಗೋಡೆಯ ಕಡೆ ತಿರುಗಿ.
ಮಾಲಿನಲ್ಲಿ ನವಜಾತ ಎಂದು ಮಾರುವ ಅಂಗಿಯಲ್ಲಿ
ಅವಳಂಥವರು ಮೂವರು ಹಿಡಿಸುತ್ತಿದ್ದರು.

ಮುಟ್ಟುವಂತಿರಲಿಲ್ಲ.
ನರ್ಸ್ ಲಿಸಿಯಮ್ಮ ಎದೆಗೆ ಒಂದು ನೂಲು ಸುತ್ತಿ
ಗಂಟು ಹಾಕಿ ತಂದುಕೊಟ್ಟಳು.
ಅಂಗಡಿಗೆ ಬಂದು ಟೇಪಿನ ಮೇಲೆ ಇಟ್ಟೆ. ಒಂಬತ್ತಿಂಚು.
ಮತ್ತೆ ಇಟ್ಟೆ. ಒಂಬತ್ತೇ.
ಅಳತೆ ಪುಸ್ತಕದಲ್ಲಿ ಬರೆದುಕೊಂಡೆ,
ಕೊಡುವ ದಿನಾಂಕದ ಜಾಗ
ಖಾಲಿ ಬಿಟ್ಟೆ.

ಬೈಂದೂರಿನಿಂದ ಅಮ್ಮ ಫೋನಿನಲ್ಲಿ:
ಹೊಸ್ತ್ ಹಾಕ್ಬೇಡಿ ಮಗೀಗೆ, ಮೊದ್ಲು ಹಳ್ತೇ ಆಯ್ಕ್,
ಬದುಕಿ ಬಾಳಿದವರು ಉಟ್ಟದ್ದು.
ಹಳತು ಎಲ್ಲಿಂದ ತರಲಿ?
ಇಷ್ಟು ಸಣ್ಣಗೆ ಬದುಕಿದವರು
ಯಾರ ಗುರುತಿತ್ತು ನಮಗೆ ಇಲ್ಲಿ?
ನನ್ನ ಹತ್ತಿರ ಇದ್ದದ್ದು ಕತ್ತರಿಸಿ ಉಳಿದ ಬಿಳಿ ಹತ್ತಿಯ ಚೂರು,
ಗಿರಾಕಿಗಳ ಕಂಕುಳಡಿಯ ತ್ರಿಕೋನ,
ಕೊರಳಿಂದ ಬಿದ್ದ ಅರ್ಧಚಂದ್ರ.

ಶಟರ್ ಎಳೆದ ಮೇಲೆ ಕೂತು ಹತ್ತು ಅಂಗಿ ಹೊಲಿದೆ.
ಚರ್ಮಕ್ಕೆ ಉಜ್ಜದಂತೆ ಹೊಲಿಗೆಯೆಲ್ಲ ಹೊರಗೆ
(ಕಂಡವರು ಕಸುಬು ಬಾರದವನು ಎಂದಾರು).
ಗುಂಡಿ ಇಲ್ಲ. ಕಾಜಾ ಮಾತ್ರ,
ಎದೆಯ ವಯರಿಗೆ ಎರಡು, ಹೊಕ್ಕುಳ ನಳಿಗೆಗೆ ಒಂದು.
ಗುಂಡಿಯಿಲ್ಲದ ಕಾಜಾ ಹೊಲಿಯುವಾಗ
ನೂಲು ಸುಮ್ಮನೆ ಗಾಳಿಯ ಸುತ್ತ ಬಿಗಿಯುತ್ತದೆ.
ಹಟಕ್ಕೆ ಬಿದ್ದು ಎಲ್ಲದರ ಕೊರಳಿಗೂ
ಒಮಾನಿ ಕುಚ್ಚು ಇಳಿಬಿಟ್ಟೆ, ಅಕ್ಕಿಕಾಳಿನುದ್ದ.
ಲಿಸಿಯಮ್ಮ ಹತ್ತನ್ನೂ ಕತ್ತರಿಸಿ ಹಾಕಿದಳು.
ಬಾಯಿಗೆ ಹೋದರೆ ನೀನು ಬರ್ತೀಯಾ?

ಎಪ್ಪತ್ತೊಂದು ದಿನ.

ಈಗ ಎಂಟು ತಿಂಗಳು. ಆ ಅಂಗಿ
ಅವಳ ಮೊಣಕಾಲು ದಾಟುವುದಿಲ್ಲ.
ಕಚ್ಚಿ ಎಳೆದು, ಅದರ ಮೇಲೇ ಕೂತು ಕೇಕೆ ಹಾಕುತ್ತಾಳೆ.
ಕೊಟ್ಟುಬಿಡೋಣ, ಎಂದಳು ವಾರಿಜ.
ಒಂದಾದರೂ ಇಟ್ಟುಕೊಳ್ಳೋಣ, ಎಂದೆ.
ಯಾಕೆ? ಅವಳೇ ಇದ್ದಾಳಲ್ಲ.

ಕುದಿನೀರಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಹಾಕಿ
ಒಂಬತ್ತನ್ನು ಕಟ್ಟಿದೆ.
ಕಬ್ಬಿಣದ ಔಷಧಿಯ ಕಂದು ಕಲೆ ಹೋಗಲಿಲ್ಲ.
ಹತ್ತನೆಯದನ್ನು ನಾಲ್ಕನೇ ಪೆಟ್ಟಿಗೆಯ ಕೂಸು
ಉಟ್ಟುಕೊಂಡು ಹೋಗಿತ್ತು,
ಮನೆಗಲ್ಲ.

ಕೌಂಟರಿನಲ್ಲಿ ಬೇಡವೆಂದರು. ಹಳೇ ಬಟ್ಟೆ, ನಿಯಮವಿಲ್ಲ.
ಹಳೇ ಬಟ್ಟೆ!
ಅಮ್ಮ ನೆನಪಾಗಿ ಅಲ್ಲೇ ನಕ್ಕುಬಿಟ್ಟೆ,
ಗಾರ್ಡು ಎದ್ದು ನಿಂತ.

ಹೊರಗೆ ಬೆಂಚಿನಲ್ಲಿ ಖಲ್ಫಾನ್.
ಅರ್ಧ ಬೆರಳಿಗಾಗಿ ಈದಿನ ಹಿಂದಿನ ರಾತ್ರಿ
ಎರಡು ಸಲ ತೋಳು ಬಿಚ್ಚಿಸಿದವನು.
ಮುದುಡಿದ ದಿಶ್‌ದಾಶಾ, ತಲೆಗೆ ಕುಮ್ಮಾ ಇಲ್ಲ.
ಅಂಗೈ ಎರಡನ್ನೂ ಎದುರುಬದುರು ಹಿಡಿದು ತೋರಿಸಿದ:
ಇಷ್ಟು. ಗಂಡು. ಒಂಬೈನೂರು ಗ್ರಾಂ.

ಚೀಲ ಮುಂದಿಟ್ಟೆ. ಮುರುಕು ಅರಬ್ಬಿಯಲ್ಲಿ ಹೇಳಿದೆ,
ಇದು ಹೊಸತಲ್ಲ. ಇದನ್ನು ಉಟ್ಟವಳು ಮನೆಯಲ್ಲಿ
ಬಾಗಿಲ ಚಪ್ಪಲಿ ಕಚ್ಚುತ್ತಿದ್ದಾಳೆ.
ಬಟ್ಟೆ ಅವನದೇ ಚೂರಿರಬಹುದು. ಅದನ್ನು ಹೇಳಲಿಲ್ಲ.

ಒಂದನ್ನು ತೆಗೆದು ಹಿಂದೆ ಮುಂದೆ ತಿರುಗಿಸಿದ.
ಹೊಲಿಗೆ ಉಲ್ಟಾ ಇದೆ, ಎಂದ.
ಹೌದು, ಎಂದೆ.
ಗುಂಡಿ ಎಲ್ಲಿ?
ಅದು ಆಮೇಲೆ ಬರುತ್ತೆ.
ತೋಳಿನ ಮೇಲೆ ತನ್ನ ಬೆರಳಿಟ್ಟು ಅಳೆದ,
ಬಹಳ ಹೊತ್ತು.
ಅರ್ಧ ಬೆರಳು ಉದ್ದ, ಎಂದ, ಕೇಳಿತೋ ಇಲ್ಲವೋ ಎಂಬಷ್ಟು.

ಬಿಚ್ಚುವುದಿಲ್ಲ, ಎಂದೆ.
ಇರಲಿ ಅದು.