ಒಂಬತ್ತನೇ ಪ್ರಶ್ನೆ

ನರಿನ್ ಪಟ್ಟಣದ ತರಬೇತಿ ಕೋಣೆಯಲ್ಲಿ
ಆ ಚಳಿಗಾಲ ಹೀಟರು ಕೆಟ್ಟಿತ್ತು.
ಕೋಟು ಬಿಚ್ಚದೆಯೇ ಕೂತು ಬರೆದುಕೊಂಡೆವು, ಹದಿನೇಳು ಮಂದಿ,
ಹಳ್ಳಿಗೊಬ್ಬರಂತೆ ಇರುವ ಫೆಲ್ಡ್‌ಶರುಗಳು.
ಡಾಕ್ಟರಲ್ಲ, ನರ್ಸೂ ಅಲ್ಲ,
ಡಾಕ್ಟರು ಬರುವತನಕ ಡಾಕ್ಟರು.
ಡಾಕ್ಟರು ಬರುವುದಿಲ್ಲ.

ಟೊಕ್ಟೊಬೂಬು ಮೇಡಂ ಗೋಡೆಯ ಮೇಲೆ ಚಿತ್ರ ಬಿಟ್ಟರು:
ಯಾರದೋ ಮುಂಗೈ, ನಡುವೆ ಕಲ್ಲಿದ್ದಲ ಚೂರಿನಂಥ ಕಪ್ಪು,
ಸುತ್ತ ನೀರ್ಗುಳ್ಳೆಗಳ ಸರ.
ಆ ಕೈಗೆ ಊರಿಲ್ಲ, ಹೆಸರಿಲ್ಲ, ಭುಜವಿಲ್ಲ.
"ನೆರಡಿ," ಎಂದರು. "ದನದಿಂದ ಬರುತ್ತದೆ. ಬರೆದುಕೊಳ್ಳಿ."

ಪರೀಕ್ಷೆಯ ಒಂಬತ್ತನೇ ಪ್ರಶ್ನೆ:
ಈ ಹುಣ್ಣಿನ ಮುಖ್ಯ ಲಕ್ಷಣ ಯಾವುದು?
ಉರಿ, ಕೀವು, ದುರ್ವಾಸನೆ, ನೋವಿಲ್ಲದಿರುವುದು.
ನಾಲ್ಕನೆಯದಕ್ಕೆ ಸುತ್ತು ಹಾಕಿದೆ.
ಪೂರ್ತಿ ಅಂಕ. ಪ್ರಮಾಣಪತ್ರಕ್ಕೆ ನೀಲಿ ಮೊಹರು.
ಅದೀಗ ನನ್ನ ಚಿಕಿತ್ಸಾಲಯದ ಗೋಡೆಯಲ್ಲಿ, ಬಿರುಕನ್ನು ಮುಚ್ಚಿಕೊಂಡು.

ನಮ್ಮ ಮಾತಿನಲ್ಲಿ ಅದರ ಹೆಸರು ಕುಯ್ದುರ್ಗು,
ಅಂದರೆ ಸುಡುವಂಥದ್ದು.
ಸುಡುವುದೇ ಇಲ್ಲ ಅದು.
ಹೆಸರಿಟ್ಟವರು ಕಂಡ ಕಪ್ಪನ್ನು
ಬೆಂಕಿಯ ಲೆಕ್ಕಕ್ಕೆ ಬರೆದುಬಿಟ್ಟರೇನೋ.

ಜುಲೈ ತಿಂಗಳು. ಎಸೆನ್‌ಕುಲ್‌ನ ಮನೆಗೆ ಹೋದದ್ದು ಬೇರೆ ಕೆಲಸಕ್ಕೆ,
ಮೊಮ್ಮಗಳಿಗೆ ದಡಾರದ ಸೂಜಿ.
ಸೊಸೆ ಮೇಲಿನ ಹುಲ್ಲುಗಾವಲಿನಲ್ಲಿ, ಕುದುರೆಯ ಹಾಲು ಕರೆಯಲು.
ತಾನೇ ಕೂರಿಸಿದ, ರೊಟ್ಟಿ ಮುಂದಿಟ್ಟ, ಚಹಾ ಬಗ್ಗಿಸಿದ,
ಬಟ್ಟಲಿಗೆ ಅರ್ಧ ಮಾತ್ರ, ಅತಿಥಿ ಬೇಗ ಏಳದಿರಲೆಂದು.
ಎಡಗೈಯಿಂದ ಕೊಟ್ಟ.
ಎಡಚನಲ್ಲ ಅವನು. ಕುದುರೆಯ ಮೇಲಿಂದ ಬಾಗಿ
ಮೇಕೆಯ ಮುಂಡಕ್ಕೆ ಕಿತ್ತಾಡುವ ಆಟದಲ್ಲಿ
ಆ ಬಲಗೈಯನ್ನು ಇಡೀ ಕಣಿವೆ ಬಲ್ಲದು.

"ಕೈಗೇನಾಯಿತು?"
"ಏನಿಲ್ಲ ಜಿಪಾರ್, ಜೇಡ ಕಚ್ಚಿರಬೇಕು. ನೋವೇ ಇಲ್ಲ ನೋಡು,"
ಎಂದು ತೋಳು ಸರಿಸಿ, ಹೆಬ್ಬೆರಳಿಂದ ಒತ್ತಿ ತೋರಿಸಿದ,
ನನ್ನನ್ನು ಸಮಾಧಾನ ಮಾಡಲು.

ಒಂಬತ್ತನೇ ಪ್ರಶ್ನೆ ನನ್ನೆದುರು ಚಹಾ ಕುಡಿಯುತ್ತ ಕೂತಿತ್ತು.

ಎಷ್ಟು ದಿನ? ಆರು.
ಆರು ದಿನದಲ್ಲಿ ಎರಡು ಸಲ ನನ್ನ ಬಾಗಿಲ ಮುಂದೆ ಹಾದಿದ್ದಾನೆ,
ಒಮ್ಮೆ ಜೀನಿನ ಮೇಲಿಂದಲೇ ಕ್ಷೇಮ ಕೇಳಿದ್ದಾನೆ.
ನೋಯದ್ದನ್ನು ಹೊತ್ತುಕೊಂಡು ಯಾರು ಬರುತ್ತಾರೆ ಫೆಲ್ಡ್‌ಶರ್ ಹತ್ತಿರ?
ಮೇಡಂ ಅದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ,
ಬೆರಳು ಮರಗಟ್ಟಿತ್ತು, ಊಟದ ಹೊತ್ತಾಗಿತ್ತು.

"ಹಸು ಕೊಯ್ದಿರಾ?"
ಕೆಟಲಿನ ಕಡೆ ನೋಡಿದ.
"ಬಿದ್ದುಕೊಂಡಿತ್ತು. ಜೀವ ಹೋಗುವ ಮೊದಲೇ ಕೊಯ್ದೆ."
ಹೋದ ಮೇಲೆ ಕೊಯ್ದರೆ ಹರಾಮು, ಮೊದಲೇ ಕೊಯ್ದರೆ ಮಾಂಸ.
ಆ ಒಂದು ಉಸಿರಿನ ಅಂತರದಲ್ಲಿ
ಅವನ ಮರ್ಯಾದೆ, ಅವನ ಚಳಿಗಾಲದ ಹಿಟ್ಟು.
"ರಕ್ತ?"
"ಟಾರಿನ ಹಾಗೆ. ಹೆಪ್ಪುಗಟ್ಟಲೇ ಇಲ್ಲ."
"ಯಾರು ಯಾರು ಕೊಂಡರು?"
ಬೆರಳು ಮಡಚತೊಡಗಿದ, ಎಡಗೈಯದು.
ಐದು ಸಾಲಲಿಲ್ಲ. ಬಲಗೈ ಹೊರತೆಗೆದ.
ಆರನೆಯ ಬೆರಳಿಗೆ ನನ್ನ ತಮ್ಮನ ಹೆಸರು ಬಂತು.
ಅವನ ಅಡುಗೆಮನೆಯಲ್ಲಿ ತೋಳೇರಿಸಿ
ಆ ಮಾಂಸ ತೊಳೆದವಳು ನಾನೇ. ಸಾರು ಚೆನ್ನಾಗಿತ್ತು.

"ಜಿಲ್ಲೆಗೆ ಫೋನ್ ಮಾಡಬೇಡ," ಎಂದ. "ನಿನ್ನ ತಾತನೂ ನನ್ನ ತಾತನೂ..."
ಮುಗಿಸಲಿಲ್ಲ.
ಸೂಜಿ ಚುಚ್ಚಿಸಿಕೊಂಡ ಮಗು ಇನ್ನೂ ಅಳುತ್ತಿತ್ತು,
ಮನೆಯಲ್ಲಿ ನೋವೆಂದು ಹೇಳುತ್ತಿದ್ದದ್ದು ಅದೊಂದೇ.

ಮೊದಲ ಪೆನಿಸಿಲಿನ್ ಅವನಿಗೆ. ಉಳಿದದ್ದು ಏಳು ಸೀಸೆ.
ಸಿಗ್ನಲ್ ಸಿಗುವುದು ಗೋರಿಗಳ ದಿಬ್ಬದ ಮೇಲೆ ಮಾತ್ರ.
ಏರಿದೆ. ಮೂರನೇ ಸಲಕ್ಕೆ ಯಾರೋ ಎತ್ತಿದರು,
ಆಕಳಿಸಿದರು, ಹಳ್ಳಿಯ ಹೆಸರು ಎರಡು ಸಲ ಕೇಳಿದರು.
"ನಿಮಗೆ ತರಬೇತಿ ಆಗಿದೆಯಾ?"

ಆಗಿದೆ, ಎಂದೆ,
ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು,
ನನ್ನ ಎರಡೂ ಕೈಗಳನ್ನು ಬಿಸಿಲಿಗೆ ಹಿಡಿದು
ತಿರುಗಿಸಿ ತಿರುಗಿಸಿ ನೋಡುತ್ತ.