ಕಾಲ ತಿದ್ದಿದ್ದು

ಮೊಖೊಟ್ಲಾಂಗಿನ ಬೆಟ್ಟಗಳ ಮೇಲೆ ಹಿಮ ಬಿದ್ದ ರಾತ್ರಿ
ನಲವತ್ತಮೂರು ನೋಟ್‌ಬುಕ್ಕು, ಅರ್ಧ ಮೇಣದಬತ್ತಿ,
ಆರುತ್ತಿರುವ ಚಹಾ.
ವಿಷಯ ನಾನೇ ಕೊಟ್ಟದ್ದು, 'ನನ್ನ ರಜೆ'.
ಕೊಡಬಾರದಿತ್ತು.

ಇಪ್ಪತ್ತೊಂಬತ್ತು ಮಕ್ಕಳು ಸಮುದ್ರ ನೋಡಿ ಬಂದಿದ್ದಾರೆ.
ಎಲ್ಲರಿಗೂ ಅದೇ ಅಲೆ, ಅದೇ ಐಸ್‌ಕ್ರೀಮು,
ಕೊನೆಗೆ ಅದೇ 'ದಣಿದರೂ ಸಂತೋಷದಿಂದ ಮನೆಗೆ ಮರಳಿದೆವು'.
ಲೆಸೋಥೊಗೆ ಸಮುದ್ರವಿಲ್ಲ,
ಗೈಡಿನ ಇಪ್ಪತ್ತೆರಡನೇ ಪುಟಕ್ಕಿದೆ.
ತಪ್ಪು ಹುಡುಕಿದರೂ ಸಿಗದು. ಹಾಗಾಗಿ
ಹದಿನೇಳು, ಹದಿನೇಳು, ಪುಲೆಂಗ್‌ಗೆ ಹದಿನಾರೂವರೆ
(ಅರ್ಧ ಹೋದದ್ದು ಐಸ್‌ಕ್ರೀಮಿನ ಸ್ಪೆಲಿಂಗಿಗೆ).

ಲೆಬುಸಾನ ಪುಸ್ತಕಕ್ಕೆ ಕಂಬಳಿಯ ವಾಸನೆ.
ಇಂಗ್ಲಿಷು ಅವನಿಗೆ ಮೂರನೇ ಕಾಲು,
ಕುಂಟುತ್ತಲೇ ಹತ್ತಿದ್ದಾನೆ, ಒಂದು ಪುಟ:
"ಹರಿದ ಕಿವಿಯ ಮೇಕೆ ಬರುತ್ತಿಲ್ಲ. ನಾನು ಕರೆಯುತ್ತೇನೆ.
ಬೆಟ್ಟ ಕರೆಯುತ್ತದೆ, ನನ್ನದೇ ದನಿಯಲ್ಲಿ.
ನಾಯಿ ನನ್ನನ್ನು ನೋಡುತ್ತದೆ.
ನಾನು ನಾಯಿಯನ್ನು ನೋಡುವುದಿಲ್ಲ."
ಹೀಗೇ ಹೋಗಿ
ಹೋಗುತ್ತಿರುವಾಗಲೇ ನಿಂತಿದೆ.

ಮಾಸೇರುವಿನಿಂದ ಬಂದ ಕೋಷ್ಟಕ ಗೋಡೆಯಲ್ಲಿ:
ವಿಷಯಕ್ಕೆ ಎಂಟು, ಭಾಷೆಗೆ ಎಂಟು, ಮುಕ್ತಾಯಕ್ಕೆ ನಾಲ್ಕು.
ಆ ನಾಯಿಯ ಕಣ್ಣನ್ನು ಯಾವ ಮನೆಯಲ್ಲಿ ಕೂರಿಸಲಿ?
ಕ್ರಿಯಾಪದವೆಲ್ಲ ತಪ್ಪು. ರಜೆ ಮುಗಿದಿದೆ, ಭೂತಕಾಲ ಬೇಕು.
ಹದಿನಾಲ್ಕು ಕಡೆ ಕೆಂಪು ಬಿತ್ತು.
'ಬರುತ್ತಿಲ್ಲ' ಹೊಡೆದು 'ಬರಲಿಲ್ಲ'.
ಮೂರು, ಮೂರು,
ಮುಕ್ತಾಯವಿಲ್ಲ, ಸೊನ್ನೆ.
ಕೈ ತನ್ನ ಪಾಡಿಗೆ ಕೂಡಿತು. ನಾನು ತಣ್ಣಗಿನ ಚಹಾ ಕುಡಿದೆ.

ಬೆಳಿಗ್ಗೆ ಬಂದ,
ಕೋಲನ್ನು ಬಾಗಿಲಾಚೆ ಒರಗಿಸಿ.
ಅಂಕ ನೋಡಲಿಲ್ಲ. ಮೊದಲ ತಿದ್ದಿನ ಮೇಲೆ ಬೆರಳಿಟ್ಟ:
"ಮೇಡಂ, ಹೀಗೆ ಬರೆದರೆ
ಇನ್ನು ಬರೋದೇ ಇಲ್ಲ ಅಂತಲಾ?"

ಇಪ್ಪತ್ತು ವರ್ಷದಿಂದ ಕಾಲಗಳನ್ನು ಕಲಿಸುತ್ತಿದ್ದೇನೆ.
"ಹಾಗಲ್ಲ, ಇದು ವ್ಯಾಕರಣ ಅಷ್ಟೇ" ಅಂದೆ.
ತಲೆಯಾಡಿಸಿದ, ನಂಬದವರು ಆಡಿಸುವ ಹಾಗೆ.
"ಅಪ್ಪ ಗಣಿಯಿಂದ ಬರೋದು ತಿಂಗಳ ಕೊನೆಗೆ.
ಬಂದು ಮೇಕೆ ಎಣಿಸಲಿ,
ಆಮೇಲೆ ಮುಕ್ತಾಯ ಬರೀತೀನಿ."

ಆರರ ಎಡಕ್ಕೊಂದು ಕಡ್ಡಿ ಎಳೆದರೆ ಹದಿನಾರು.
ಪೆನ್ನು ಅಲ್ಲಿಯವರೆಗೂ ಹೋಯಿತು.
ಎಳೆಯಲಿಲ್ಲ. ಅದು ಅವನಿಗೆ ಬೇಕಾದದ್ದೂ ಅಲ್ಲ.
ಮಕ್ಕಳು ಹೊರಗೆ ಹಿಮ ಎರಚಾಡುತ್ತಿದ್ದರು.
ಡ್ರಾಯರಿನಲ್ಲಿ ತಡಕಿ ಪೆನ್ಸಿಲು ತೆಗೆದೆ,
ನನ್ನ ಕೆಂಪಿನ ಮೇಲೆ ಸಣ್ಣಗೆ ಬರೆದೆ:
ಇನ್ನೂ ಬಂದಿಲ್ಲ.