ಏಳನೆಯ ಫರ್ಮಾ

ಎಲ್ಲಾ ರಿಪೋರ್ಟೂ ನಾರ್ಮಲ್ ಅದಾವ್ರೀ ಅಂದ್ರು
ಹುಬ್ಬಳ್ಳಿಯ ಮೂರನೇ ಡಾಕ್ಟರು.
ಸಂಜೀ ಪ್ಯಾಸೆಂಜರ್ ಗಾಡಿಯೊಳಗ
ಅಣ್ಣಿಗೇರಿ ದಾಟೂತನಕ
ಆ ಶಬ್ದವನ್ನ ಉಡಿಯಾಗ ಇಟ್ಕೊಂಡು ಕುಂತೆ,
ಯಾರದೋ ಕೂಸನ್ನ ಹಿಡಕೊಂಡವರಂಗ.

ಹಣಗಿ ಭಾರ. ಸೌಟು ಭಾರ.
ಹೆಗಲ ಮ್ಯಾಲಿನ ಕುಬಸದ ಹೊಲಿಗಿ ಸೈತ
ಗಾಯದಂಗ ನೋಯತೈತಿ.
ಹತ್ತು ತಾಸು ಮಲಗಿ ಎದ್ದರೂ
ರಾತ್ರಿಯೆಲ್ಲಾ ಯಾರದೋ ಹೊಲದಾಗ
ಕಸಾ ತೆಗದು ಬಂದಂಥ ಮೈ.

ನಿನಗೇನಾಗೇತಿ, ಗುಂಡಕಲ್ಲಿನಂಗ ಅದೀ,
ಅಂದಳು ನೆಗೆಣ್ಣಿ.
ಕಲ್ಲಿನ ಭಾರ ಕಲ್ಲಿಗೇ ಗೊತ್ತು ಅಂತ
ನಾ ಅನ್ನಲಿಲ್ಲ.
ಅನ್ನಾಕೂ ಉಸಿರು ಬೇಕು.

ನಾಲ್ಕನೆಯಾಕಿ, ಸಣ್ಣ ವಯಸ್ಸಿನಾಕಿ, ಹೆಸರು ಹೇಳಿದಳು:
ಫೈಬ್ರೊಮಯಾಲ್ಜಿಯಾ.
ಮೂವತ್ತು ವರ್ಷ ಮಕ್ಕಳಿಗೆ ಉಕ್ತಲೇಖನ ಬರಸಿದ ನಾನು
ಚೀಟಿ ಮ್ಯಾಲೆ ಮೂರು ಸಲ ತಪ್ಪಿದೆ.
ಅದರ ಕೆಳಗ ಆಕಿನ ಒಂದು ಪುಸ್ತಕದ ಹೆಸರು ಬರದಳು.

ಪುಸ್ತಕಗಳು ಮನಿಯಾಗ ಮೊದಲೂ ಇದ್ದುವು.
ಉಪವಾಸದ್ದು ಒಂದು, ಮುದ್ರೆಗಳದ್ದು ಒಂದು,
ಗುಡ್ಡದ ತುದಿಗೆ ಕೈ ಎತ್ತಿ ನಿಂತವನ
ಮುಖಪುಟದ್ದು ಒಂದು (ಭಾವ ಕೊಟ್ಟದ್ದು).
ಅದನ್ನ ಮಂಚದ ಕಾಲಿಗೆ ಕೊಟ್ಟೀನಿ.
ಮಂಚ ಅಲುಗಾಡೂದು ನಿಂತೈತಿ,
ಸುಳ್ಳು ಯಾಕ ಹೇಳಲಿ.

ಹೊಸಾದು ಅಂಚೆಯಾಗ ಬಂತು. ಐನೂರಾ ಹನ್ನೆರಡು ಪುಟ.
ಕಾಯಿಪಲ್ಲೆ ಗಾಡಿಯ ತಕ್ಕಡಿಯಾಗ ತೂಗಿಸಿದೆ:
ಮುಕ್ಕಾಲು ಕಿಲೋ, ಮ್ಯಾಲೊಂದು ಬದನೀಕಾಯಿ.
ದಣದವರಿಗಂತ ಬರದದ್ದು,
ದಣದವರಿಗೆ ಎತ್ತಾಕ ಬರೂದಿಲ್ಲ.
ಎದೀ ಮ್ಯಾಲಿಟ್ಕೊಂಡು ಎರಡು ಪುಟ ಓದಿದ್ದಕ್ಕ
ಎರಡು ದಿನ ಮಣಿಕಟ್ಟು ಅತ್ತುವು.

ಹಳೇ ಛಾಪಖಾನೆ ಹಿಂದಿನ ಓಣಿಯಾಗ
ಮೋದಿನಸಾಬ ಬೈಂಡಿಂಗ್ ಮಾಡತಾನ.
ಶಾಲೀ ಹಾಜರಿ ಪುಸ್ತಕ ಎಲ್ಲಾ ಅವನ ಕೈಯಾಗಿನವ.
ಇದನ್ನ ಬಿಚ್ಚಿಕೊಡು ಅಂದೆ.
ನನ್ನ ಮಾರಿ ನೋಡಲಿಲ್ಲ, ಕೈ ನೋಡಿದ.
'ಬಾಯೇರ, ಕಟ್ಟಾಕ ಹತ್ತಿ ನಲವತ್ತು ವರ್ಷ ಆತು.
ಬಿಚ್ಚಾಕ ಬಂದವರು ನೀವ ಮೊದಲು.'

ಒದ್ದಿ ಅರಿವಿ ಹಾಕಿ ಅಂಟು ನೆನಸಿದ.
ಬೆನ್ನ ಮ್ಯಾಲಿನ ದಾರ
ಒಂದೊಂದ ಕೊಯ್ದ,
ಕೂಸಿನ ಉಗುರು ತೆಗದಂಗ.
ಮೂವತ್ತೆರಡು ಫರ್ಮಾ.
ಹದಿನಾರು ಪುಟಕ್ಕ ಎರಡೇ ಹೊಲಿಗಿ ಹಾಕಿ ಕೊಟ್ಟ.
ಕಡಕ್ ರೊಟ್ಟಿಯಷ್ಟು ಹಗುರ ಒಂದೊಂದೂ.
ರೊಕ್ಕ ಬ್ಯಾಡ ಅಂದ.
ದಾರ ಬಾಳ ಬಿಗದರ ಹಾಳಿ ಹರಿತೈತ್ರೀ, ಅಂದ,
ತನ್ನ ಕೆಲಸದ ಮಾತು ಅದು.

ಎರಡನೇ ಫರ್ಮಾದಾಗ ಬರದಾರ,
ದಣಿಯೂ ಮುಂಚೆ ಕೂಡ್ರು ಅಂತ.
ಮರುದಿನ ಮೂರು ರೊಟ್ಟಿ ಬಡದು ಕುಂತೆ.
ನಾಲ್ಕನೆಯದು ಬಡೀಬಹುದಿತ್ತು.
ಅದಕ್ಕ ಕುಂತೆ.
ಅತ್ತಿ ನೋಡಿದಳು. ಹಂಚು ಸುಮ್ಮನ ಕಾಯಾಕತ್ತಿತ್ತು.

ಮೂರನೇದು, ಐದನೇದು, ಈಗ ಮನಿಯಾಗ ಇರೂದಿಲ್ಲ.
ಬೆಟಗೇರಿಯ ಮಗ್ಗದ ಮನಿ ಸೊಸಿ ಕಸ್ತೂರೆವ್ವ,
ಮೈಗಳ್ಳಿ ಅನಿಸ್ಕೊಂಡಾಕಿ,
ದವಾಖಾನಿ ಬಾಕಿನ ಮ್ಯಾಲೆ ಪರಿಚಯ ಆದಾಕಿ,
ಸೆರಗಿನಾಗ ಮುಚ್ಚಿ ಒಯ್ಯತಾಳ,
ಬೆರಳಿಟ್ಟು ಓದತಾಳ.
ತಿರುಗಿ ಬರೂವಾಗ
ಅಂಚಿಗೆ ಅರಿಷಿಣ, ಒಂದೆರಡು ಸಾಲಿನ ಕೆಳಗ
ಪೆನ್ಸಿಲಿನ ಗೆರಿ, ನಡುಗಿದ್ದು.
ನಾ ಗೆರಿ ಎಳದ ಸಾಲುಗಳಲ್ಲ ಅವು.

ಏಳನೇದು ಒಯ್ದು ಮೂರು ವಾರ ಆತು.
ಫೋನ್ ಹಚ್ಚಿದರ ಗಂಡ ಎತ್ತತಾನ,
ನಾ ರಾಂಗ್ ನಂಬರ್ ಅಂತೀನಿ.
ಎಂಟನೇದು ದಿಂಬಿನ ಕೆಳಗ ಐತಿ,
ನಡುವ ಬಿಟ್ಟು ಓದೂ ಮನಸಿಲ್ಲ.

ತೊಂಬತ್ತಾರನೇ ಪುಟದ ಕೊನೇ ಸಾಲು
ಅರ್ಧಕ್ಕ ಕಡದೈತಿ:
'ನಿಮ್ಮ ನೋವನ್ನು ನಂಬದವರ ಮನೆಯಲ್ಲಿ ನೀವು'

ಮುಂದಿನದು ಬೆಟಗೇರಿಯಾಗ ಐತಿ.